ಗೊತ್ತುಗುರಿಯಿಲ್ಲದ ಅಂಕಿ

ಅಡ್ಡಾದಿಡ್ಡಿ, ಯದ್ವಾತದ್ವಾ, ಬೇಕಾಬಿಟ್ಟಿ, ಲಂಗುಲಗಾಮಿಲ್ಲದ್ದು, ಗೊತ್ತುಗುರಿಯಿಲ್ಲದ್ದು—ಕ್ರಮ ತಪ್ಪಿದ್ದನ್ನು ಹೇಳುವುದಕ್ಕೆ ನಮ್ಮ ಕನ್ನಡದಲ್ಲಿ ಮಾತಿಗೆ ಬರವಿಲ್ಲ. ಆದರೆ ಇವುಗಳಲ್ಲಿ ಒಂದಾದರೂ ಹೊಗಳುವ ಮಾತು ಇದೆಯೇ ನೋಡಿ. ಎಲ್ಲವೂ ಬೈಯುವುದಕ್ಕೆಂದೇ ಹುಟ್ಟಿದವು. ಮೇಷ್ಟ್ರು ಹುಡುಗನ ಕೈಬರಹವನ್ನು ಬೈದದ್ದು, ಅಪ್ಪ ಮಗನ ಓಡಾಟವನ್ನು ಬೈದದ್ದು, ಅತ್ತೆ ಸೊಸೆಯ ಅಡಿಗೆಮನೆಯನ್ನು ಬೈದದ್ದು—ಇದೇ ಈ ಮಾತುಗಳ ಚರಿತ್ರೆ. ಪಂಡಿತರು 'ಯಾದೃಚ್ಛಿಕ' ಎಂಬ ಮಡಿಯುಟ್ಟ ಪದವೊಂದನ್ನು ತಂದು ಪಠ್ಯಪುಸ್ತಕದಲ್ಲಿ ಕೂರಿಸಿದ್ದಾರೆ. ಒಳ್ಳೆಯ ಪದವೇ. ಆದರೆ ಅದನ್ನು ಊಟದ ಮನೆಯಲ್ಲಿ, ಬಸ್ಸಿನಲ್ಲಿ, ಬಾಯಿಬಿಟ್ಟು ಆಡಿದವರನ್ನು ನಾನಂತೂ ಕಂಡಿಲ್ಲ.

ಹೀಗೆ ಎಲ್ಲರ ಬೈಗುಳಕ್ಕೂ ಪಾತ್ರವಾದ ಈ ಸರಕನ್ನು ಸಂಪಾದಿಸುವುದೇ ಕಸುಬಾಗಿ, ಅದಕ್ಕೆ ತಿಂಗಳು ತಿಂಗಳೂ ಸಂಬಳ ಎಣಿಸಿಕೊಳ್ಳುವವನೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಂದಿನಿಂದ ನಮ್ಮ ಮಹಡಿಯ ಕೋಣೆ ಅವನದು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೆ ಅವನು 'ಡ್ರೈವರ್ ಬರೆಯುತ್ತಾನೆ'. ಡ್ರೈವರು ಓಡಿಸುವುದನ್ನು ಕಂಡಿದ್ದೆ. ಡ್ರೈವರನ್ನು ಬರೆಯುತ್ತಾರೆಂಬುದು ನನಗೆ ಅವನಿಂದ ತಿಳಿದ ಹೊಸ ಸಂಗತಿ. ಚಿಪ್ಪಿನಲ್ಲಿರುವ ಒಂದೊಂದು ಸಲಕರಣೆಗೂ, ಅದರ ಭಾಷೆಯನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ತಿಳಿಸುವ ದುಭಾಷಿಯೊಬ್ಬ ಬೇಕಂತೆ. ಆ ದುಭಾಷಿಯೇ ಡ್ರೈವರು. ಈ ಹುಡುಗನ ಪಾಲಿಗೆ ಬಂದಿರುವ ಸಲಕರಣೆ, ಗೊತ್ತುಗುರಿಯಿಲ್ಲದ ಅಂಕಿಗಳನ್ನು ಉಗುಳುವ ಒಂದು ಪುಟ್ಟ ಮಂಡಲ.

ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಲೆಡ್ಜರು ಇನ್ನೂ ಕೈಬರಹದಲ್ಲಿದ್ದ ಕಾಲದಲ್ಲಿ, ಐದು ಪೈಸೆ ಹೊಂದಲಿಲ್ಲವೆಂದು ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದವನು. ಪ್ರತಿಯೊಂದು ಅಂಕಿಗೂ ಒಂದು ವೋಚರು, ವೋಚರಿಗೊಂದು ರುಜು, ರುಜುವಿಗೊಬ್ಬ ಮನುಷ್ಯ—ಇದು ನನ್ನ ಮತ. ಅಂಥವನ ಮುಂದೆ ಈ ಹುಡುಗ ಕಾಫಿ ಲೋಟ ಹಿಡಿದು ಕೂತು, "ಮಾವ, ನನಗೆ ಬೇಕಾದದ್ದು ವೋಚರೇ ಇಲ್ಲದ ಅಂಕಿ" ಎಂದರೆ ನನ್ನ ಗತಿ ಏನಾಗಬೇಕು!

ಅವನು ಹೇಳಿದ್ದು ಬೀಗದ ಕೈಯ ವಿಷಯ. ನಾವು ಫೋನಿನಲ್ಲಿ ಹಣ ಕಳಿಸುವಾಗ, ಫೋನೂ ಬ್ಯಾಂಕಿನ ಯಂತ್ರವೂ ಆ ಒಂದು ಮಾತುಕತೆಗೆಂದೇ ಒಂದು ಗುಟ್ಟಿನ ಅಂಕಿಯನ್ನು ಗೊತ್ತುಮಾಡಿಕೊಳ್ಳುತ್ತವೆ. ಬೀಗದ ರಚನೆಯಲ್ಲಿ ಮುಚ್ಚುಮರೆಯಿಲ್ಲ. ಅದು ಪುಸ್ತಕದಲ್ಲಿ ಅಚ್ಚಾಗಿದೆ, ಕಳ್ಳನೂ ಓದಿರುತ್ತಾನೆ. ಗುಟ್ಟೆಲ್ಲ ಆ ಅಂಕಿಯಲ್ಲಿ. ಅಂಕಿ ಹುಟ್ಟಿದ್ದಕ್ಕೆ ಏನಾದರೂ ಒಂದು ಕಾರಣವಿದ್ದರೆ, ಕಳ್ಳ ಆ ಕಾರಣದ ಬಾಲ ಹಿಡಿದು ಅಂಕಿಯ ತಲೆಗೆ ಬರುತ್ತಾನೆ. ಆದ್ದರಿಂದ ಅದಕ್ಕೆ ಕಾರಣವೇ ಇರಕೂಡದು.

ಕಾರಣವಿಲ್ಲದೆ ಒಂದು ಕೆಲಸ ಮಾಡು ಎಂದರೆ ಕಂಪ್ಯೂಟರಿನಿಂದ ಆಗುವುದಿಲ್ಲ. ಅದು ವಿಧೇಯ ಗುಮಾಸ್ತ. ಕೊಟ್ಟ ಲೆಕ್ಕವನ್ನು ನೂರು ಸಲ ಮಾಡಿಸಿದರೂ ನೂರು ಸಲವೂ ಅದೇ ಉತ್ತರ. ೧೯೫೧ರಲ್ಲೇ ಜಾನ್ ವಾನ್ ನ್ಯೂಮನ್ ಎಂಬ ಮಹಾಗಣಿತಜ್ಞ, ಲೆಕ್ಕ ಮಾಡಿ ಇಂಥ ಅಂಕಿಯನ್ನು ಹುಟ್ಟಿಸಹೊರಟವನು ಪಾಪದಲ್ಲಿ ಮುಳುಗಿದವನೇ ಸರಿ ಎಂಬರ್ಥದ ಮಾತನ್ನು ಬರೆದಿಟ್ಟ. ಆ ಪಾಪದ ಒಂದು ವಿಧಾನವನ್ನು ಕಂಡುಹಿಡಿದವನೂ ಅವನೇ ಎಂಬುದು ಬೇರೆ ಮಾತು. ಇನ್ನು ಮನುಷ್ಯರಿಂದಾದರೂ ಆದೀತೇ? ಗುಟ್ಟಿನ ನಾಲ್ಕಂಕಿ ಆರಿಸಿಕೊಳ್ಳಿ ಎಂದು ಹೇಳಿ ನೋಡಿ. ಹುಟ್ಟಿದ ವರ್ಷ, ಮದುವೆಯ ವರ್ಷ, ಸ್ಕೂಟರಿನ ನಂಬರು; ಇದರಾಚೆಗೆ ನಮ್ಮ ಕಲ್ಪನೆ ಹೋಗುವುದಿಲ್ಲ.

ಹಾಗಾದರೆ ಆಟದ ಕವಡೆಯನ್ನು ನಂಬಬಹುದೋ ಎಂದರೆ, ಚೌಕಾಬಾರ ಆಡಿ ಬೆಳೆದವರಿಗೆಲ್ಲ ಅದರ ಯೋಗ್ಯತೆಯೂ ಗೊತ್ತು. ನಮ್ಮ ಅಜ್ಜಿಯ ಬಳಿ ನಾಲ್ಕು ಕವಡೆಗಳಿದ್ದವು. ಅವುಗಳಲ್ಲಿ ಬೆನ್ನು ಸವೆದದ್ದೊಂದು ಹತ್ತಕ್ಕೆ ಆರು ಸಲವಾದರೂ ಬಾಯಿ ಮೇಲಾಗಿಯೇ ಬೀಳುತ್ತಿತ್ತು. ಅಜ್ಜಿ ಅದನ್ನು 'ನಗೆಗಾತಿ' ಎನ್ನುತ್ತಿದ್ದಳು. ಇಂಥ ಪಕ್ಷಪಾತದ ಕವಡೆಯಿಂದ ನಿಷ್ಪಕ್ಷಪಾತದ ತೀರ್ಪು ಪಡೆಯುವ ಉಪಾಯವೊಂದನ್ನು ಅದೇ ವಾನ್ ನ್ಯೂಮನ್ ಹೇಳಿಕೊಟ್ಟಿದ್ದಾನೆ. ಕವಡೆಯನ್ನು ಎರಡು ಸಲ ಎಸೆಯಿರಿ. ಎರಡು ಸಲವೂ ಒಂದೇ ರೀತಿ ಬಿದ್ದರೆ ಬಿಟ್ಟುಬಿಡಿ. ಬೇರೆ ಬೇರೆಯಾಗಿ ಬಿದ್ದರೆ ಮೊದಲನೆಯದನ್ನು ಇಟ್ಟುಕೊಳ್ಳಿ. ನಗೆಗಾತಿಯನ್ನೇ ತೆಗೆದುಕೊಳ್ಳೋಣ: ನೂರು ಜೋಡಿಯಲ್ಲಿ ಬಾಯಿ-ಬೆನ್ನು ಬರುವುದು ಸುಮಾರು ೨೪ ಸಲ, ಬೆನ್ನು-ಬಾಯಿ ಬರುವುದೂ ೨೪ ಸಲ. ಆರು ನಾಲ್ಕಲೆ ಇಪ್ಪತ್ತನಾಲ್ಕು, ನಾಲ್ಕಾರಲೆ ಇಪ್ಪತ್ತನಾಲ್ಕು. ಮಗ್ಗಿ ಬಂದವರಿಗೆ ಇಷ್ಟೇ ಸಾಕು. ಉಳಿದ ಐವತ್ತೆರಡು ಜೋಡಿ ದಂಡ. ನ್ಯಾಯ ಯಾವತ್ತೂ ಸ್ವಲ್ಪ ದುಬಾರಿಯೇ ಅಲ್ಲವೇ!

ಇದನ್ನು ಕೇಳಿದ ಮೇಲೆ ನನಗೆ ಈ ವಿಷಯದ ಹುಚ್ಚು ಸ್ವಲ್ಪ ಹತ್ತಿತೆನ್ನಿ. ಇಂಗ್ಲೆಂಡಿನ ಟಿಪೆಟ್ ಎಂಬಾತ ೧೯೨೭ರಲ್ಲಿ ಜನಗಣತಿಯ ವರದಿಗಳಿಂದ ಅಂಕಿಗಳನ್ನು ಹೆಕ್ಕಿ ೪೧,೬೦೦ ಅಂಕಿಗಳ ಕೋಷ್ಟಕವೊಂದನ್ನು ಅಚ್ಚುಹಾಕಿಸಿದ್ದ. ಅಮೆರಿಕದ ರ‍್ಯಾಂಡ್ ಸಂಸ್ಥೆಯವರು ಇನ್ನೂ ಮುಂದೆ ಹೋಗಿ, ೧೯೫೫ರಲ್ಲಿ ಹತ್ತು ಲಕ್ಷ ಅಂಕಿಗಳ ದಪ್ಪ ಪುಸ್ತಕವನ್ನೇ ಹೊರತಂದರು. ಕಥೆಯಿಲ್ಲ, ಪಾತ್ರವಿಲ್ಲ, ಮುಂದಿನ ಪುಟದಲ್ಲಿ ಏನಾಗುತ್ತದೆಂದು ಯಾವ ಓದುಗನೂ ಊಹಿಸಲಾರ. ನಮ್ಮ ಪತ್ತೇದಾರಿ ಕಾದಂಬರಿಕಾರರು ಹೊಟ್ಟೆಕಿಚ್ಚುಪಡಬೇಕಾದ ಪುಸ್ತಕ. ಅದಕ್ಕಾಗಿ ಅವರು ಕಟ್ಟಿದ ವಿದ್ಯುತ್ ಯಂತ್ರದಲ್ಲೂ ಒಂದಿಷ್ಟು ನಗೆಗಾತಿಯ ಗುಣ ಕಂಡುಬಂದು, ಬಂದ ಅಂಕಿಗಳನ್ನು ಒಂದಕ್ಕೊಂದು ಕೂಡಿಸಿ ತಿದ್ದಬೇಕಾಯಿತು. ೧೯೫೭ರಲ್ಲಿ ಬ್ರಿಟನ್ನಿನ ಸರ್ಕಾರಿ ಬಾಂಡುಗಳ ಬಹುಮಾನ ಎತ್ತಲು 'ಅರ್ನಿ' ಎಂಬ ಯಂತ್ರ ಬಂತು. ನಿಯಾನ್ ಕೊಳವೆಗಳಲ್ಲಿನ ವಿದ್ಯುತ್ತಿನ ಗುಜುಗುಜುವಿನಿಂದ ಅದು ಗೆದ್ದವರ ಸಂಖ್ಯೆಯನ್ನು ಆರಿಸುತ್ತಿತ್ತು.

ಇವೆಲ್ಲಕ್ಕಿಂತ ನನಗೆ ರುಚಿಸಿದ್ದು ೧೯೫೧ರ ಫೆರಾಂಟಿ ಮಾರ್ಕ್ ೧ ಎಂಬ ಕಂಪ್ಯೂಟರಿನ ಕಥೆ. ಆಲನ್ ಟ್ಯೂರಿಂಗ್ ಹಟ ಹಿಡಿದು ಅದರಲ್ಲಿ ಒಂದು ಆಜ್ಞೆಯನ್ನು ಇಡಿಸಿದ. ಆ ಆಜ್ಞೆ ಕೊಟ್ಟರೆ ಯಂತ್ರ ಲೆಕ್ಕ ಮಾಡುವುದಿಲ್ಲ. ತನ್ನೊಳಗಿನ ವಿದ್ಯುತ್ ಗದ್ದಲಕ್ಕೆ ಕಿವಿಗೊಟ್ಟು, ಕೇಳಿಸಿದ್ದನ್ನು ಅಂಕಿಯಾಗಿ ಒಪ್ಪಿಸುತ್ತದೆ. ಆದರೆ ಅದನ್ನು ಬಳಸಿದವರಿಗೆ ತಲೆನೋವು ಹತ್ತಿಕೊಂಡಿತು. ಕಾರ್ಯಕ್ರಮದಲ್ಲಿ ತಪ್ಪು ಕಂಡರೆ, ಅದನ್ನು ಹಿಡಿಯಲು ಮತ್ತೆ ಓಡಿಸಿದಾಗ ಯಂತ್ರ ಬೇರೆಯೇ ದಾರಿ ಹಿಡಿಯುತ್ತಿತ್ತು. ಐದು ಪೈಸೆಗಾಗಿ ರಾತ್ರಿಯೆಲ್ಲ ಕೂತ ನನಗೆ ಅವರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಮುಂದೆ ಆಪರೇಟಿಂಗ್ ಸಿಸ್ಟಮ್ಮು ಈ ಸರಕಿಗೆ ಉಗ್ರಾಣವೊಂದನ್ನು ಕಟ್ಟಿಕೊಂಡಿತು. ಲಿನಕ್ಸ್ ಎಂಬ ಸಿಸ್ಟಮ್ಮಿನಲ್ಲಿ ೧೯೯೪ರಲ್ಲಿ ಥಿಯೊಡೋರ್ ತ್ಸೊ ಎಂಬಾತ ಇದನ್ನು ಮಾಡಿದ. ನೀವು ಕೀಲಿಮಣೆಯ ಮೇಲೆ 'ಅ' ಒತ್ತಿದಿರೋ 'ಕ' ಒತ್ತಿದಿರೋ ಎಂಬುದಕ್ಕಿಂತ, ಒತ್ತಿದ ಕ್ಷಣ ಯಾವುದು ಎಂಬುದೇ ಅವನಿಗೆ ಮುಖ್ಯ. ಸೆಕೆಂಡಿನ ಕೋಟಿಯ ಒಂದು ಪಾಲಿನವರೆಗೆ ಅಳೆದರೆ, ಆ ಕ್ಷಣದ ಕೊನೆಯ ಅಂಕಿಗಳು ಒತ್ತಿದವರಿಗೂ ತಿಳಿಯದಂಥವು. ಹಾಗೆಯೇ ಡಿಸ್ಕು ತಿರುಗಿ ಉತ್ತರ ಕೊಟ್ಟ ಕ್ಷಣ, ತಂತಿಯಲ್ಲಿ ಸುದ್ದಿ ಬಂದ ಕ್ಷಣ. ಇವನ್ನೆಲ್ಲ ಒಂದು ಕೊಪ್ಪರಿಗೆಗೆ ಸುರಿದು, ಗೊಟಾಯಿಸಿ, ಯಾರು ಕೇಳಿದರೂ ಅದರಿಂದ ಬಡಿಸುವುದು. ಭಿಕ್ಷಾನ್ನದ ಜೀವನವೇ, ಆದರೆ ಹತ್ತು ಮನೆಯ ಭಿಕ್ಷೆ.

ಭಿಕ್ಷೆ ಹುಟ್ಟದ ದಿನ ಏನಾಗುತ್ತದೆಂಬುದು ೨೦೧೯ರ ಸೆಪ್ಟೆಂಬರಿನಲ್ಲಿ ಕಂಡಿತು. ಲಿನಕ್ಸಿನ ಕಡತವ್ಯವಸ್ಥೆಯನ್ನು ಚುರುಕುಗೊಳಿಸಲು ಒಂದು ತಿದ್ದುಪಡಿ ಬಂತು. ಅದರಿಂದ ಡಿಸ್ಕಿನ ಬಾಗಿಲು ತಟ್ಟುವ ಪ್ರಮೇಯ ಕಡಿಮೆಯಾಯಿತು. ತಿದ್ದುಪಡಿಯಲ್ಲಿ ದೋಷವಿರಲಿಲ್ಲ. ಆದರೆ ತಟ್ಟುವುದು ಕಡಿಮೆಯಾದ್ದರಿಂದ ಕೊಪ್ಪರಿಗೆಗೆ ಬೀಳುವ ಭಿಕ್ಷೆಯೂ ಕಡಿಮೆಯಾಯಿತು. ಕಂಪ್ಯೂಟರು ಏಳುವ ಹೊತ್ತಿಗೆ ಒಂದು ಕಾರ್ಯಕ್ರಮ ಬಂದು, ಗೊತ್ತುಗುರಿಯಿಲ್ಲದ ಅಂಕಿ ಕೊಡು ಎಂದಿತು. ಕೊಪ್ಪರಿಗೆ ಇನ್ನೂ ತುಂಬಿಲ್ಲ, ಇರು ಎಂದಿತು ಸಿಸ್ಟಮ್ಮು. ಅದು ತುಂಬುವವರೆಗೆ ಇದು ಏಳುವುದಿಲ್ಲ, ಇದು ಏಳುವವರೆಗೆ ಅದು ತುಂಬುವುದಿಲ್ಲ. ಪರದೆ ಕಪ್ಪಗೆ ಕೂತಿತು. ಯಾರಾದರೂ ಬಂದು ಕೀಲಿಮಣೆಯ ಮೇಲೆ ನಾಲ್ಕು ಸಲ ಬಡಿದರೆ ತಟ್ಟನೆ ಎಚ್ಚರವಾಗುತ್ತಿತ್ತು. ಲಿನಕ್ಸಿನ ಯಜಮಾನ ಲೈನಸ್ ಟೋರ್ವಾಲ್ಡ್ಸ್ ಆ ನಿರ್ದೋಷಿ ತಿದ್ದುಪಡಿಯನ್ನು ಸದ್ಯಕ್ಕೆ ಹಿಂತೆಗೆದುಕೊಂಡ. ಮುಂದಿನ ಆವೃತ್ತಿಯಲ್ಲಿ, ಹಸಿದಾಗ ಯಂತ್ರ ತನ್ನ ಓಟದಲ್ಲೇ ಆಗುವ ಸಣ್ಣ ಏರುಪೇರುಗಳನ್ನು ಆರಿಸಿಕೊಳ್ಳುವ ಏರ್ಪಾಡು ಮಾಡಿದ. ಮಿತವ್ಯಯದ ಪಾಠವನ್ನು ಬದುಕೆಲ್ಲ ಕೇಳಿದ ನನಗೆ, ಮಿತವ್ಯಯದಿಂದ ಯಂತ್ರವೊಂದು ಮೂರ್ಛೆಹೋದ ಈ ಕಥೆ ತುಂಬ ಸಮಾಧಾನ ತಂದಿತು.

ಈಗ ನಮ್ಮ ಹುಡುಗನ ಪೆಟ್ಟಿಗೆಯ ವಿಷಯ. ಅವನ ಕಚೇರಿಯವರು, ಹೆಸರು ಬೇಡ, ಹಾಲು ಉತ್ಪಾದಕರ ಸಂಘಗಳಿಗೆಂದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಮಾಡುತ್ತಾರೆ. ಬೆಳಿಗ್ಗೆ ಸಂಜೆ ಹೆಂಗಸರು ಕ್ಯಾನು ಹಿಡಿದು ಸಾಲಾಗಿ ಬಂದು ಹಾಲು ಹಾಕುತ್ತಾರೆ. ತೂಕ ಎಷ್ಟು, ಕೊಬ್ಬಿನ ಅಂಶ ಎಷ್ಟು ಎಂಬುದನ್ನು ಪೆಟ್ಟಿಗೆ ಬರೆದುಕೊಂಡು, ಬೀಗ ಹಾಕಿದ ಲಕೋಟೆಯಲ್ಲಿಟ್ಟಂತೆ ಊರಾಚೆಗೆ ಕಳಿಸುತ್ತದೆ. ಅದರ ಮೇಲೆ ಹಣ ಬರುತ್ತದೆ. ಆ ಹಣದಲ್ಲಿ ಮಕ್ಕಳ ಶಾಲೆಯ ಫೀಜಿದೆ, ಹಸುವಿನ ಹಿಂಡಿಯಿದೆ, ಚೀಟಿಯ ಕಂತಿದೆ. ಪೆಟ್ಟಿಗೆಯ ಬೀಗದ ಕೈ ಒಬ್ಬ ಪುಂಡನಿಗೆ ಸಿಕ್ಕಿದರೆ, ಅವನು ಎಲ್ಲೋ ಕೂತು ಆ ಪೆಟ್ಟಿಗೆಯ ದನಿಯಲ್ಲೇ ಮಾತಾಡಬಹುದು. ಇವಳ ಹಾಲಿನ ಕೊಬ್ಬು ಅವಳ ಲೆಕ್ಕಕ್ಕೆ ಹೋಗಬಹುದು.

ಆ ಕೈಯನ್ನು ಪೆಟ್ಟಿಗೆ ತಾನೇ ಹುಟ್ಟಿಸಿಕೊಳ್ಳುತ್ತದೆ, ತಾನು ಕಣ್ಣು ಬಿಟ್ಟ ಮೊದಲ ನಿಮಿಷದಲ್ಲೇ. ಆ ಹಸುಗೂಸಿನ ಸ್ಥಿತಿಯನ್ನು ನೆನೆಯಿರಿ. ಕೀಲಿಮಣೆಯಿಲ್ಲ. ತಿರುಗುವ ಡಿಸ್ಕಿಲ್ಲ. ಗಡಿಯಾರಕ್ಕೆ ಬ್ಯಾಟರಿಯಿಲ್ಲ, ಹಾಗಾಗಿ ಇವತ್ತು ಯಾವ ತಾರೀಖೆಂಬುದೂ ತಿಳಿಯದು. ಜೊತೆಗೆ ಕಾರ್ಖಾನೆಯಲ್ಲಿ ಒಂದೇ ಮೂಲಪ್ರತಿಯಿಂದ ನಕಲಾಗಿ ಬಂದ ಸಾವಿರ ಒಡಹುಟ್ಟುಗಳು, ಎಲ್ಲವೂ ಒಂದೇ ಅಚ್ಚು. ಇವುಗಳಲ್ಲಿ ಎರಡು ಒಂದೇ ಕನಸು ಕಂಡರೆ ಆಶ್ಚರ್ಯವೇನು?

ಇದು ಹೆದರಿಕೆಯ ಮಾತಲ್ಲ, ನಡೆದದ್ದು. ೨೦೧೨ರಲ್ಲಿ ನಾಡಿಯಾ ಹೆನಿಂಗರ್ ಮತ್ತು ಅವರ ಸಂಗಡಿಗರು ಅಂತರ್ಜಾಲದಲ್ಲಿ ಕಾಣಸಿಗುವ ಬೀಗಗಳನ್ನೆಲ್ಲ ಗುಡ್ಡೆಹಾಕಿ ಪರೀಕ್ಷಿಸಿದರು. ಈ ಬೀಗ ಎಂದರೆ ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಗುಣಲಬ್ಧವನ್ನು ಲೋಕಕ್ಕೆಲ್ಲ ತೋರಿಸಿ, ಆ ಎರಡನ್ನು ಬಚ್ಚಿಡುವುದು. ಗುಣಲಬ್ಧವೊಂದನ್ನೇ ಹಿಡಿದು ಅದರ ಅಪವರ್ತನಗಳನ್ನು ಹುಡುಕುವುದು ಯಾವ ಯಂತ್ರಕ್ಕೂ ಆಗದಷ್ಟು ಕಷ್ಟ. ಆದರೆ ಎರಡು ಪೆಟ್ಟಿಗೆಗಳು ಅಪ್ಪಿತಪ್ಪಿ ಒಂದು ಸಂಖ್ಯೆಯನ್ನು ಸಮಾನವಾಗಿ ಆರಿಸಿಕೊಂಡವೆನ್ನಿ. ೭೭ ಮತ್ತು ೯೧ ಇದ್ದಂತೆ. ಆಗ ಮಾಧ್ಯಮಿಕ ಶಾಲೆಯ ಮ.ಸಾ.ಅ. ಲೆಕ್ಕ ಸಾಕು, ೭ ಹೊರಕ್ಕೆ ಬೀಳುತ್ತದೆ; ಅದರ ಹಿಂದೆಯೇ ೧೧ ಮತ್ತು ೧೩. ಎರಡು ಬೀಗವೂ ತೆರೆಯಿತು. ಅವರು ಹೀಗೆ ತೆರೆದ ಬೀಗಗಳು ಇನ್ನೂರಕ್ಕೆ ಒಂದರಂತೆ. ಹೆಚ್ಚಿನವು ಇಂಥವೇ ಕೀಲಿಮಣೆಯಿಲ್ಲದ ಚಿಕ್ಕ ಪೆಟ್ಟಿಗೆಗಳವು. ಕಣ್ಣು ಬಿಟ್ಟೊಡನೆ, ಉಗ್ರಾಣ ತುಂಬುವ ಮೊದಲೇ, ಕೈ ಹುಟ್ಟಿಸಿಕೊಂಡವು.

ಅದಕ್ಕೇ ಚಿಪ್ಪಿನೊಳಗೇ ಅಂಕಿ ಉಗುಳುವ ಮಂಡಲವೊಂದನ್ನು ಇಟ್ಟಿರುವುದು. ಬೆಚ್ಚಗಿರುವ ಯಾವ ವಸ್ತುವಿನಲ್ಲೂ ಎಲೆಕ್ಟ್ರಾನುಗಳು ಸುಮ್ಮನಿರುವುದಿಲ್ಲವಂತೆ. ಹಳೆಯ ರೇಡಿಯೋದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಮುಳ್ಳು ನಿಲ್ಲಿಸಿದರೆ ಸುಂಯ್ ಎನ್ನುತ್ತಿತ್ತಲ್ಲ, ಅದರಲ್ಲಿ ಒಂದು ಪಾಲು ಈ ಚಡಪಡಿಕೆಯದೇ. ಅದನ್ನೇ ಹಿಡಿದು ಅಂಕಿಯಾಗಿಸುವುದು. ಇಂಟೆಲ್ ಕಂಪೆನಿ ೧೯೯೯ರಲ್ಲೇ ಒಂದು ಚಿಪ್ಪಿನ ತಂಡದಲ್ಲಿ ಇದನ್ನು ಇಟ್ಟಿತ್ತು. ೨೦೧೨ರಿಂದ ತನ್ನ ಮುಖ್ಯ ಸಂಸ್ಕಾರಕದಲ್ಲೇ ಒಂದು ಆಜ್ಞೆಯಾಗಿ ಕೊಟ್ಟಿತು. ಅಲ್ಲಿ ನಡೆಯುವುದು ಬುಗುರಿಯನ್ನು ತಿರುಗಿಸದೆ ಅದರ ಮೊಳೆಯ ಮೇಲೆ ನಿಲ್ಲಿಸುವಂಥ ಕೆಲಸ. ನಿಲ್ಲಲಾರದು; ಎಡಕ್ಕೋ ಬಲಕ್ಕೋ ವಾಲಲೇಬೇಕು. ಯಾವ ಕಡೆಗೆಂಬುದನ್ನು ಆ ಚಡಪಡಿಕೆ ತೀರ್ಮಾನಿಸುತ್ತದೆ. ಬುಗುರಿಯನ್ನು ಸೆಕೆಂಡಿಗೆ ಕೋಟ್ಯಂತರ ಸಲ ಮತ್ತೆ ಮತ್ತೆ ನಿಲ್ಲಿಸುವುದು.

ಡ್ರೈವರ್ ಹೇಗಿರುತ್ತದೆಂದು ತೋರಿಸೋ ಎಂದಾಗ ಹುಡುಗ ಮಾದರಿಗೆಂದು ತೆರೆದದ್ದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನದು. ೨೦೧೩ರಿಂದ ಲಿನಕ್ಸಿನಲ್ಲಿ ಎಲ್ಲರಿಗೂ ಓದಲು ತೆರೆದಿದೆ. ನೂರೆಂಟು ಪುಟ ಇರಬಹುದೆಂದು ಕನ್ನಡಕ ಒರೆಸಿಕೊಂಡು ಕೂತೆ. ಒಂದು ಮದುವೆಯ ಸಾಮಾನಿನ ಪಟ್ಟಿಗಿಂತ ದೊಡ್ಡದಿಲ್ಲ. ಮಂಡಲವನ್ನು ಚಾಲೂ ಮಾಡು. ಎಷ್ಟು ಅಂಕಿ ಸಿದ್ಧವಿದೆ ಎಂದು ಕೇಳು. ಒಂದೂ ಇಲ್ಲವಾದರೆ ಕಾದು ಮತ್ತೆ ಕೇಳು. ಇದ್ದಷ್ಟನ್ನು ತಂದು ಉಗ್ರಾಣದವನಿಗೆ ಒಪ್ಪಿಸು. ಇಷ್ಟೇ. ಅದರ ನಡುವೆ ಒಂದು ಸಾಲು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಚಾಲೂ ಆದ ಹೊಸದರಲ್ಲಿ ಬರುವ ಅಂಕಿಗಳು ಸಾಕಷ್ಟು ಅಡ್ಡಾದಿಡ್ಡಿಯಾಗಿರುವುದಿಲ್ಲ, ಆದ್ದರಿಂದ ಆರಂಭದವನ್ನು ಚೆಲ್ಲಿಬಿಡು ಎಂದು ಅಲ್ಲಿ ಅಪ್ಪಣೆಯಿದೆ. ಎಷ್ಟೆಂದರೆ ೨,೬೨,೧೪೪!

"ಇದು ಕಾವಲಿಯ ಮೊದಲನೆ ದೋಸೆ ಕಣೋ" ಎಂದೆ.

"ಅದೇ ಮಾವ. ಕಾವಲಿ ಪಳಗೋವರೆಗೆ ಬಂದದ್ದು ನೆಂಟರಿಗೆ ಬಡಿಸೋ ಹಾಗಿಲ್ಲ" ಎಂದ.

ನನ್ನ ಬ್ಯಾಂಕಿನ ಬುದ್ಧಿಗೆ ಇನ್ನೂ ಹತ್ತಿರವಾದದ್ದು ಮತ್ತೊಂದಿದೆ. ಇಂಥ ಸಲಕರಣೆ ತಂದೊಪ್ಪಿಸಿದ್ದನ್ನು ಆಪರೇಟಿಂಗ್ ಸಿಸ್ಟಮ್ಮು ಹಾಗೆಹಾಗೇ ಜಮಾ ಕಟ್ಟುವುದಿಲ್ಲ. ಈ ಮೂಲದ ೧೦೨೪ ಚೂರಿನಲ್ಲಿ ನಿಜವಾದ ಸರಕು ಎಷ್ಟಿರಬಹುದು ಎಂದು ಒಂದು ದರ ಗೊತ್ತುಮಾಡಬಹುದು. ಹುಂಡಿಗೆ ಬಟ್ಟಾ ಕಳೆದ ಹಾಗೆ! ನಂಬಿಕೆ ಸಾಲದಿದ್ದರೆ, ಕೊಪ್ಪರಿಗೆಗೆ ಸುರಿದುಕೊಂಡು ಜಮೆಯ ಅಂಕಣದಲ್ಲಿ ಸೊನ್ನೆ ಬರೆಯಬಹುದು. ಕೊಟ್ಟವರ ಮರ್ಯಾದೆಯೂ ಉಳಿಯಿತು, ನಮ್ಮ ಲೆಕ್ಕವೂ ಕೆಡಲಿಲ್ಲ.

ಇಷ್ಟು ಅಪನಂಬಿಕೆ ಏಕೆ? ೨೦೧೩ರಲ್ಲಿ ಎಡ್ವರ್ಡ್ ಸ್ನೋಡನ್ ಹೊರಹಾಕಿದ ಕಾಗದಪತ್ರಗಳಿಂದ, ಅಮೆರಿಕದ ಬೇಹುಗಾರರು ಇಂಥ ಬೀಗಗಳ ಬುಡದಲ್ಲೇ ಕೈಯಾಡಿಸಲು ಹವಣಿಸಿದ್ದರೆಂಬುದು ಬಯಲಾಯಿತು. ಹಾಗಾದರೆ ಚಿಪ್ಪಿನೊಳಗಿನ ಬುಗುರಿಯನ್ನು ನಂಬುವುದು ಹೇಗೆ? ಅದು ಮುಚ್ಚಿದ ಡಬ್ಬಿ, ಒಡೆದು ನೋಡುವಂತಿಲ್ಲ. ಅಂಕಿಗಳನ್ನು ಎಣಿಸಿ ನೋಡಬಹುದಲ್ಲ ಎಂದೆ ನಾನು. ನಳನ ಕಥೆಯಲ್ಲಿ ಋತುಪರ್ಣ ರಾಜ ರಥದಲ್ಲಿ ಹೋಗುತ್ತ ತಾರೆಮರದ ಕೊಂಬೆಯನ್ನು ಕಂಡು ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಿಬಿಡುತ್ತಾನೆ. ಆ ವಿದ್ಯೆಯನ್ನು ಕಲಿತೇ ನಳ ಜೂಜಿನಲ್ಲಿ ಸೋತ ರಾಜ್ಯವನ್ನು ಮರಳಿ ಗೆಲ್ಲುತ್ತಾನೆ. ಆದರೆ ಇಲ್ಲಿ ಋತುಪರ್ಣನ ವಿದ್ಯೆ ಅರ್ಧ ದಾರಿಗೇ ನಿಲ್ಲುತ್ತದೆ. ಯಂತ್ರ ಕೆಟ್ಟಿದ್ದರೆ ಎಣಿಕೆಯಿಂದ ಗೊತ್ತಾಗುತ್ತದೆ. ೨೦೧೯ರಲ್ಲಿ ಎಎಂಡಿ ಕಂಪೆನಿಯ ಹೊಸ ಸಂಸ್ಕಾರಕಗಳಲ್ಲಿ ಕೆಲವು, ಕೇಳಿದಾಗಲೆಲ್ಲ ಎಲ್ಲ ಸ್ಥಾನದಲ್ಲೂ ಒಂದನ್ನೇ ಬರೆದು ಕೊಟ್ಟು, ಕೆಲಸ ಸರಿಯಾಗಿ ಆಯಿತೆಂದು ವರದಿಯನ್ನೂ ಒಪ್ಪಿಸಿದವು. ಅದನ್ನು ಕಂಡುಹಿಡಿದು ಸರಿಪಡಿಸಿದರು. ಆದರೆ ಶಕುನಿಯೇ ಕೂತಿದ್ದರೆ? ಅವನು ತನಗೊಬ್ಬನಿಗೇ ಗೊತ್ತಿರುವ ಒಂದು ಗುಟ್ಟಿನಿಂದ ಲೆಕ್ಕ ಮಾಡಿ ಕೊಡುವ ಅಂಕಿಗಳು ಯಾವ ಎಣಿಕೆಯಲ್ಲೂ ಸಿಕ್ಕಿಬೀಳುವುದಿಲ್ಲ. ನೋಡುವವರಿಗೆ ಅವೂ ಅಷ್ಟೇ ಅಡ್ಡಾದಿಡ್ಡಿ.

೨೦೧೩ರಲ್ಲೇ, ಲಿನಕ್ಸು ಇಂಟೆಲ್ಲಿನ ಆ ಆಜ್ಞೆಯನ್ನು ಕೈಬಿಡಬೇಕೆಂಬ ಮನವಿಯೊಂದು ಬಂತು. ಟೋರ್ವಾಲ್ಡ್ಸ್ ತನ್ನ ಎಂದಿನ ಒರಟು ಧಾಟಿಯಲ್ಲಿ ತಳ್ಳಿಹಾಕಿದ. ಅವನ ವಾದ ನನಗೆ ಇಸ್ಪೀಟಿನಿಂದ ತಿಳಿಯಿತು. ನಾಲ್ಕು ಜನ ಸರದಿಯಲ್ಲಿ ಎಲೆ ಕಲಸುತ್ತೀರಿ. ಅವರಲ್ಲಿ ಮೂವರು ಮೋಸಗಾರರೇ ಇರಲಿ, ಒಬ್ಬ ಪ್ರಾಮಾಣಿಕನಾಗಿ ಕಲಸಿದ್ದರೆ ಸಾಕು, ಕಟ್ಟು ಕಲಸಿಯೇ ಇರುತ್ತದೆ. ಕೊನೆಗೆ ಕಲಸುವವನು ಇತರರ ಎಲೆಯನ್ನು ಕದ್ದು ನೋಡದಂತೆ ಎಚ್ಚರ ವಹಿಸಬೇಕು, ಅಷ್ಟೆ. ಆದ್ದರಿಂದ ಶಕುನಿಯನ್ನು ಓಡಿಸ್ಬೇಕಾಗಿಲ್ಲ. ಅವನೊಬ್ಬನ ಕೈಗೇ ಕಟ್ಟನ್ನು ಕೊಡದಿದ್ದರಾಯಿತು. ಫ್ರೀ ಬಿ.ಎಸ್.ಡಿ. ಎಂಬ ಇನ್ನೊಂದು ಸಿಸ್ಟಮ್ಮಿನವರೂ ಅದೇ ವರ್ಷದ ಕೊನೆಯಲ್ಲಿ, ಚಿಪ್ಪಿನ ಅಂಕಿಗಳನ್ನು ನೇರವಾಗಿ ಬಡಿಸುವುದನ್ನು ಬಿಟ್ಟು ಕೊಪ್ಪರಿಗೆಗೆ ಸುರಿಯಲು ನಿಶ್ಚಯಿಸಿದರು. ಸಂಸಾರ ನಡೆಸಿದವರಿಗೆ ಇದರಲ್ಲಿ ಹೊಸದೇನಿದೆ ಹೇಳಿ. ನಂಬದವರನ್ನೂ ಪಂಕ್ತಿಯಲ್ಲಿ ಕೂರಿಸಿಕೊಳ್ಳುತ್ತೇವೆ. ಉಗ್ರಾಣದ ಕೈಯನ್ನು ಮಾತ್ರ ಕೊಡುವುದಿಲ್ಲ.

ಕಚೇರಿಯಲ್ಲಿ ನಮ್ಮ ಹುಡುಗನಿಗೂ ಮೇಲಿನವರಿಗೂ ಜಟಾಪಟಿ ಹತ್ತಿದ್ದು ಬೇರೆ ಕಾರಣಕ್ಕೆ. ಚಿಪ್ಪು ಮಾಡಿದವರು ಅದರ ಜೊತೆಗೆ ಹಳೆಯ ಕಾಲದ ಲಿನಕ್ಸನ್ನು ಕೊಟ್ಟಿದ್ದರು. ಅದಕ್ಕೆ ಈ ಮಂಡಲವೊಂದು ಇದೆಯೆಂಬುದೇ ಗೊತ್ತಿಲ್ಲ. ಡ್ರೈವರ್ ಇಲ್ಲದೆಯೂ ಪೆಟ್ಟಿಗೆ ಏಳುತ್ತದೆ, ಕೈ ಹುಟ್ಟಿಸುತ್ತದೆ, ಹಾಲಿನ ಲೆಕ್ಕ ಕಳಿಸುತ್ತದೆ. ನೋಡುವವರ ಕಣ್ಣಿಗೆ ಏನೂ ಕೊರತೆಯಿಲ್ಲ. ಇವನ ಡ್ರೈವರ್ ಸೇರಿಸಿ, ಅಂಕಿ ಸಿಕ್ಕುವವರೆಗೆ ಕಾಯಿಸಿದರೆ ಏಳುವುದು ಕೊಂಚ ತಡ. "ಯಾರು ನೋಡ್ತಾರೆ?" ಎಂದರಂತೆ. ಮೂರು ವಾರ ಹುಡುಗ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಬೀಗ ಭದ್ರವಾಗಿದೆ ಎಂಬುದನ್ನು ತೋರಿಸುವುದು ಹೇಗೆ? ಭದ್ರವಾದ ಕೈಯೂ ಅಂಕಿಗಳ ಸಾಲು, ಪುಕ್ಕಟೆ ಕೈಯೂ ಅಂಕಿಗಳ ಸಾಲು. ಕೊನೆಗೊಂದು ಶನಿವಾರ ಅವನು ಕಾರ್ಖಾನೆಯಿಂದ ಬಂದ ನಲವತ್ತು ಹೊಸ ಪೆಟ್ಟಿಗೆಗಳನ್ನು ಮೇಜಿನ ಮೇಲೆ ಜೋಡಿಸಿ, ಡ್ರೈವರ್ ಇಲ್ಲದೆಯೇ, ಎಲ್ಲಕ್ಕೂ ಒಂದೇ ಗುಂಡಿಯಿಂದ ವಿದ್ಯುತ್ ಕೊಟ್ಟ. ಅವು ಹುಟ್ಟಿಸಿದ ನಲವತ್ತು ಕೈಗಳನ್ನು ಅಕ್ಕಪಕ್ಕ ಅಚ್ಚುಮಾಡಿ ನೋಡಿದರೆ, ಹದಿನೇಳನೆಯದೂ ಮೂವತ್ತೊಂದನೆಯದೂ ಮೊದಲಿನಿಂದ ಕೊನೆಯವರೆಗೆ ಒಂದೇ. ಆ ಹಾಳೆಯನ್ನು ಮೇಲಿನವರ ಮೇಜಿನ ಮೇಲಿಟ್ಟು ಬಂದ. ಆಮೇಲೆ ಯಾರೂ ಏನೂ ಕೇಳಲಿಲ್ಲವಂತೆ.

ಅವು ಒಂದೇ ಆದದ್ದೇಕೆಂಬುದನ್ನು ಅಕ್ಕನಿಗೆ ವಿವರಿಸಿದ್ದು ದೀಪಾವಳಿಯಲ್ಲಿ, ಅವಳು ನಮ್ಮ ಮನೆಗೆ ಬಂದಿದ್ದಾಗ. ಆಪರೇಟಿಂಗ್ ಸಿಸ್ಟಮ್ಮು ಮಲಗುವ ಮೊದಲು ಕೊಪ್ಪರಿಗೆಯಿಂದ ಒಂದಿಷ್ಟನ್ನು ತೆಗೆದು ಕಡತವೊಂದರಲ್ಲಿ ಇಟ್ಟುಕೊಳ್ಳುತ್ತದೆ. ಮಾರನೆಯ ದಿನ ಎದ್ದಾಗ ಬರಿಗೈ ಆಗಬಾರದಲ್ಲ.

"ಹೆಪ್ಪು ಎತ್ತಿಡೋ ಹಾಗೆ" ಎಂದಳು ಅಕ್ಕ, ಹೋಳಿಗೆ ತಟ್ಟುತ್ತಲೇ.

"ಹ್ಞೂ ಅಮ್ಮ. ಹೆಪ್ಪು ಹಾಕಿದ ತಕ್ಷಣ ನಾಳೇದಕ್ಕೆ ಬೇರೆ ಎತ್ತಿಡಬೇಕು. ಒಂದೇ ಹೆಪ್ಪನ್ನ ಎರಡು ಸಲ ಹಾಕೋ ಹಾಗಿಲ್ಲ. ನಮ್ಮವರು ಏನು ಮಾಡಿದ್ರು ಅಂದ್ರೆ, ಮೂಲಪ್ರತಿ ತೆಗೆಯೋವಾಗ ಅದರೊಳಗಿನ ಹೆಪ್ಪನ್ನೂ ಸೇರಿಸಿ ನಕಲು ಮಾಡಿಬಿಟ್ಟಿದ್ರು."

ಅಕ್ಕ ಕೈ ನಿಲ್ಲಿಸಿದಳು. "ಅಂದ್ರೆ ಸಾವಿರ ಮನೇಲೂ ಒಂದೇ ಮನೆ ಮೊಸರು" ಎಂದಳು. ನಾನು ಎಂಟು ತಿಂಗಳಲ್ಲಿ ತಿಳಿದುಕೊಂಡದ್ದು ಅವಳಿಗೆ ಎಂಟು ನಿಮಿಷವೂ ಹಿಡಿಯಲಿಲ್ಲ.

ಈಗ ಮೂಲಪ್ರತಿಯಲ್ಲಿ ಹೆಪ್ಪಿನ ಕಡತ ಇರುವುದಿಲ್ಲ. ಪೆಟ್ಟಿಗೆ ಎದ್ದೊಡನೆ ಚಿಪ್ಪಿನ ಮಂಡಲವನ್ನು ಚಾಲೂ ಮಾಡಿ, ಮೊದಲ ದೋಸೆಗಳನ್ನು ಚೆಲ್ಲಿ, ಉಳಿದದ್ದನ್ನು ಕೊಪ್ಪರಿಗೆಗೆ ಸುರಿದುಕೊಂಡು, ಒಂದೇ ಅಂಕಿ ಹಟ ಹಿಡಿದಂತೆ ಮರಳಿ ಮರಳಿ ಬರುತ್ತಿಲ್ಲವೆಂಬುದನ್ನು ನೋಡಿಕೊಂಡು, ಆಮೇಲೆ ಬಾಗಿಲು ತೆರೆಯುತ್ತದೆ. ಹಳ್ಳಿಯಲ್ಲಿ ವಿದ್ಯುತ್ತು ಹೇಳಿಕೇಳಿ ಹೋಗುವುದಿಲ್ಲ. ಹೆಪ್ಪು ಎತ್ತಿಡಲು ವ್ಯವಧಾನ ಸಿಕ್ಕೀತೆಂದು ಯಾರೂ ಭರವಸೆ ಕೊಡುವಂತಿಲ್ಲ. ಆದ್ದರಿಂದ ಎದ್ದಾಗಲೆಲ್ಲ ಹೊಸದಾಗಿಯೇ ಸಂಪಾದಿಸಬೇಕು.

ಮೊದಲ ಕಂತಿನ ಪೆಟ್ಟಿಗೆಗಳಲ್ಲಿ ಒಂದು ಹಾಸನದ ಕಡೆ ಅಕ್ಕನ ಊರಿನ ಸಂಘಕ್ಕೇ ಬಂತು. ಹೋದ ತಿಂಗಳು ನಾನು ಅಲ್ಲಿಗೆ ಹೋಗಿದ್ದಾಗ ಬೆಳಿಗ್ಗೆ ಆರೂವರೆಗೆ ಅವಳ ಜೊತೆ ಹಾಲು ಹಾಕಲು ನಡೆದೆ. ಸಾಲಿನಲ್ಲಿ ಹನ್ನೆರಡು ಜನ ಇದ್ದರು. ಅಕ್ಕನ ಸರದಿ ಬರುವಷ್ಟರಲ್ಲಿ ಕರೆಂಟು ಹೋಯಿತು; ಎರಡು ನಿಮಿಷಕ್ಕೆ ಮರಳಿ ಬಂತು. ಪೆಟ್ಟಿಗೆಯ ಮೇಲೆ ಹಳದಿ ದೀಪ ಹತ್ತಿ ಹಾಗೇ ನಿಂತಿತು. "ಹಿಂದಿನದು ಕರೆಂಟ್ ಬಂದ ತಕ್ಷಣ ಶುರುವಾಗ್ತಿತ್ತು ಸ್ವಾಮಿ, ಇದು ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತೆ" ಎಂದು ಕಾರ್ಯದರ್ಶಿಗಳು ನನ್ನ ಕಡೆ ನೋಡಿ ದೂರು ಹೇಳಿದರು. ಹಿಂದಿನಿಂದ ಯಾರೋ ಹೆಂಗಸು, ಬೇಗ ಆಗ್ಲಿ, ಮಗೂಗೆ ಶಾಲೆ ಬಸ್ಸಿದೆ ಎಂದಳು. ದೀಪ ಹಸಿರಾಯಿತು. ಅಕ್ಕ ಕ್ಯಾನು ಎತ್ತಿ ತಕ್ಕಡಿಯ ಮೇಲಿಟ್ಟಳು.